ಅಹಿಂಸಾಣುವ್ರತವೂ ಜೀತದ ಮುಂಗಡವೂ

ಚಂದನಾದೇವಿಯ ಕಥೆಯನ್ನು ಕೇಳದ ಶ್ರಾವಕರ ಮನೆಯಿರಲಾರದು. ವೈಶಾಲಿಯ ಚೇಟಕ ಮಹಾರಾಜನ ಮಗಳಾದ ಆಕೆ ಅಪಹೃತಳಾಗಿ, ಕೈಯಿಂದ ಕೈಗೆ ಸಾಗಿ, ಕೌಶಾಂಬಿಯ ಶ್ರೇಷ್ಠಿಯೊಬ್ಬನ ಮನೆಯನ್ನು ಸೇರಿದಳು. ಶ್ರೇಷ್ಠಿಯ ಪತ್ನಿಯು ಸಂಶಯದಿಂದ ಆಕೆಯನ್ನು ಸಂಕೋಲೆಯಲ್ಲಿಟ್ಟು, ಮಣ್ಣಿನ ಪಾತ್ರೆಯಲ್ಲಿ ಹಾರಕದ ಅನ್ನವನ್ನು ಕೊಡುತ್ತಿದ್ದಳು. ವರ್ಧಮಾನ ಸ್ವಾಮಿಯು ಆಹಾರಾರ್ಥವಾಗಿ ಆಗಮಿಸಿದಾಗ ಆ ಸಂಕೋಲೆ ಕಳಚಿತು. ಮುಂದೆ ಆಕೆಯೇ ಸ್ವಾಮಿಯ ಸಂಘದ ಆರ್ಯಿಕೆಯರಿಗೆ ಪ್ರಮುಖಳಾದಳು. ಗುಣಭದ್ರಾಚಾರ್ಯರ ಉತ್ತರಪುರಾಣದಲ್ಲಿ ಈ ವೃತ್ತಾಂತವಿದೆ. ಇದನ್ನು ಕೇಳಿ ಪುಲಕಿತರಾಗುವವರು ಒಂದು ಅಂಶವನ್ನು ಮರೆಯುತ್ತಾರೆ. ಆ ಸಂಕೋಲೆಯಿದ್ದುದು ಕಟುಕನ ಮನೆಯಲ್ಲಲ್ಲ, ಸಜ್ಜನನ ಮನೆಯಲ್ಲಿ. ಶ್ರೇಷ್ಠಿಯ ಸಜ್ಜನಿಕೆಯು ಆಕೆಯ ಬಂಧನವನ್ನು ತಡೆಯಲಿಲ್ಲ.

ಇಂದು ತುಮಕೂರು ನಗರದಲ್ಲಿ ಸಣ್ಣ ಸಸ್ಯೋದ್ಯಾನವನ್ನು ನಡೆಸುವ ಶ್ರಾವಕನೊಬ್ಬನನ್ನು ಭಾವಿಸಿಕೊಳ್ಳಬಹುದು. ಅವನು ಅಷ್ಟಮಿ ಚತುರ್ದಶಿಗಳಲ್ಲಿ ಪ್ರೋಷಧೋಪವಾಸ ಮಾಡುತ್ತಾನೆ, ನೀರನ್ನು ಸೋಸಿ ಕುಡಿಯುತ್ತಾನೆ, ರಾತ್ರಿಭೋಜನವಿಲ್ಲ, ಮಂದರಗಿರಿಯ ದರ್ಶನವನ್ನು ತಪ್ಪಿಸುವುದಿಲ್ಲ. ಆಳುಗಳಿಗೆ ಗದರಿಯೂ ಮಾತನಾಡನು. ಆದರೆ ಅವನಿಗೆ ತೆಂಗಿನ ನಾರಿನ ಪುಡಿ ಗುಬ್ಬಿಯ ಕಡೆಯಿಂದ ಬರುತ್ತದೆ. ಗೊಬ್ಬರ, ಇಟ್ಟಿಗೆ, ಹುಲ್ಲುಹಾಸು ಕುಣಿಗಲ್ ಕಡೆಯಿಂದ ಬರುತ್ತವೆ. ಇವನ್ನು ಒದಗಿಸುವ ಮೇಸ್ತ್ರಿಯು ಒಂದು ಕುಟುಂಬಕ್ಕೆ ಮದುವೆಗೋ ಕಾಯಿಲೆಗೋ ಮುಂಗಡ ಕೊಟ್ಟು, ಅದು ತೀರುವವರೆಗೆ ಎಲ್ಲಿಗೂ ಹೋಗಕೂಡದೆಂದು ದುಡಿಸಿಕೊಳ್ಳುತ್ತಿದ್ದರೆ? ಕೂಲಿ ಅಲ್ಪ, ಬಡ್ಡಿ ಅಧಿಕ. ಸಾಲ ಕರಗುವುದೇ ಇಲ್ಲ. ತಂದೆಯ ಸಾಲಕ್ಕೆ ಮಗನು ಶಾಲೆ ಬಿಟ್ಟು ಬುಟ್ಟಿ ಹೊರುತ್ತಾನೆ. ಇದೇ ಜೀತ. ಇಲ್ಲಿ ಕಬ್ಬಿಣದ ಸಂಕೋಲೆಯಿಲ್ಲ. ಲೆಕ್ಕದ ಪುಸ್ತಕವೇ ಸಂಕೋಲೆ.

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಎತ್ತಿಗೆ ಹೆಚ್ಚು ಭಾರ ಹೇರಬಾರದೆಂದು ಇದನ್ನು ಬೋಧಿಸುವುದು ರೂಢಿ. ಎತ್ತಿಗೆ ಸಲ್ಲುವ ದಯೆ ಮನುಷ್ಯನಿಗೆ ಸಲ್ಲದೆ? ಹೋಗಗೊಡದಿರುವುದು ಬಂಧ, ಶಕ್ತಿಮೀರಿ ದುಡಿಸುವುದು ಅತಿಭಾರಾರೋಪಣ, ಕೂಲಿಯನ್ನು ತಡೆದು ಹಸಿವಿನಲ್ಲಿಡುವುದು ಅನ್ನಪಾನನಿರೋಧ. ಒಂದೇ ಜೀತದಲ್ಲಿ ಮೂರು ಅತಿಚಾರಗಳು ಕೂಡಿವೆ. ಪರಿಗ್ರಹ ಪರಿಮಾಣ ವ್ರತದಲ್ಲಿಯೂ ಹೊಲಮನೆ, ಬೆಳ್ಳಿಬಂಗಾರ, ಧನಧಾನ್ಯಗಳ ಜೊತೆಗೆ ದಾಸೀದಾಸರನ್ನು ಎಣಿಸಲಾಗಿದೆ. ಇನ್ನೊಬ್ಬರ ದುಡಿಮೆಯ ಮೇಲಣ ಹಿಡಿತವೂ ಪರಿಗ್ರಹವೇ.

“ಜೀತಕ್ಕಿಟ್ಟವನು ಮೇಸ್ತ್ರಿ, ನಾನಲ್ಲ” ಎಂದು ಶ್ರಾವಕನು ಹೇಳಬಹುದು. ಆದರೆ ಕರ್ಮಾಸ್ರವಕ್ಕೆ ದ್ವಾರ ಒಂದೇ ಅಲ್ಲ. ತಾನು ಮಾಡಿದ್ದು ಕೃತ, ಮಾಡಿಸಿದ್ದು ಕಾರಿತ, ಮಾಡುವುದನ್ನು ಒಪ್ಪಿಕೊಂಡದ್ದು ಅನುಮತ. ಅಗ್ಗದ ಬೆಲೆಯನ್ನು ಒತ್ತಾಯಿಸಿದಲ್ಲಿ ಕಾರಿತವು ಸುಳಿಯುತ್ತದೆ. ತಿಳಿದೂ ಮೌನವಾಗಿ ಕೊಂಡಲ್ಲಿ ಅನುಮತವು ನೆಲೆಸುತ್ತದೆ. ತಿಳಿಯಬಾರದೆಂದೇ ಕಣ್ಣು ಮುಚ್ಚಿಕೊಳ್ಳುವುದು ಪ್ರಮಾದ. ಹಿಂಸೆಯ ಮೂಲವೇ ಪ್ರಮಾದ.

ರಾಜ್ಯಶಾಸನವೂ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಸಂವಿಧಾನದ 23ನೆಯ ವಿಧಿ ಬಲವಂತದ ದುಡಿಮೆಯನ್ನು ನಿಷೇಧಿಸುತ್ತದೆ. 1976ರ ಜೀತಪದ್ಧತಿ ರದ್ದಿಯಾತಿ ಕಾಯಿದೆಯಿಂದ ಜೀತದ ಸಾಲವೆಲ್ಲವೂ ಅಳಿದುಹೋಯಿತು. ಜೀತಕ್ಕಿಟ್ಟವನಿಗೆ 3 ವರ್ಷಗಳವರೆಗೆ ಸೆರೆವಾಸ ಉಂಟು. 1982ರಲ್ಲಿ, ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಾಮಗಾರಿಗಳ ಕೂಲಿಕಾರರ ಪ್ರಕರಣದಲ್ಲಿ, ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸುವುದೂ ಬಲವಂತದ ದುಡಿಮೆಯೆಂದು ಸರ್ವೋಚ್ಚ ನ್ಯಾಯಾಲಯ ಸಾರಿತು. ಹಸಿವು ಬಡತನಗಳ ಒತ್ತಡವೂ ಬಲವಂತವೇ ಎಂದು ಅದು ಹೇಳಿತು. ಉಪವಾಸದ ಬೆಲೆಯನ್ನು ಬಲ್ಲ ಸಮಾಜಕ್ಕೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಸ್ವೇಚ್ಛೆಯಿಂದ ಅನ್ನವನ್ನು ಬಿಡುವುದು ತಪಸ್ಸು; ಪರರ ಅನ್ನವನ್ನು ಕಸಿಯುವುದು ಪಾಪ.

ಆದುದರಿಂದ ತೋಟಗಾರಿಕೆಯ ಉದ್ಯಮದಲ್ಲಿರುವ ಶ್ರಾವಕನು ಕೆಲವು ನಿಯಮಗಳನ್ನು ಸ್ವೀಕರಿಸುವುದು ಯೋಗ್ಯ. ಮೊದಲು ತನ್ನ ಆಳುಗಳ ಕೂಲಿಯನ್ನು ಕಾಲಕ್ಕೆ ಸರಿಯಾಗಿ ಅವರ ಕೈಗೇ ಕೊಡಲಿ. ಮುಂಗಡಕ್ಕೆ ಬಡ್ಡಿ ಹಿಡಿಯದಿರಲಿ. ಮುಂಗಡವಿದ್ದರೂ ಬಿಟ್ಟುಹೋಗುವ ಸ್ವಾತಂತ್ರ್ಯ ಅವರಿಗಿರಲಿ. ಅವರ ಗುರುತಿನ ಪತ್ರಗಳನ್ನು ಇಟ್ಟುಕೊಳ್ಳದಿರಲಿ. ಬಳಿಕ ಸರಕು ಬರುವ ಸ್ಥಳಕ್ಕೆ ವರ್ಷಕ್ಕೊಮ್ಮೆಯಾದರೂ ಸ್ವತಃ ಹೋಗಲಿ. ಮೇಸ್ತ್ರಿಯನ್ನಷ್ಟೇ ಅಲ್ಲದೆ ದುಡಿಯುವವರನ್ನೂ ಮಾತನಾಡಿಸಲಿ: ಮಕ್ಕಳು ಶಾಲೆಗೆ ಹೋಗುತ್ತಾರೆಯೇ? ಹಬ್ಬಕ್ಕೆ ಊರಿಗೆ ಹೋಗಿಬರಬಹುದೇ? ಲೆಕ್ಕವನ್ನು ಯಾರು ಬರೆಯುತ್ತಾರೆ? ಜೀತ ಕಂಡುಬಂದರೆ ಸರಕನ್ನು ನಿಲ್ಲಿಸಿ ಸುಮ್ಮನಾಗುವುದು ಸಾಲದು. ಅದರಿಂದ ತನ್ನ ಕೈ ತೊಳೆದಂತಾದೀತೇ ಹೊರತು ಅವರ ಸಂಕೋಲೆ ಕಳಚದು. ತಹಸೀಲ್ದಾರರಿಗೋ ಜಿಲ್ಲಾಧಿಕಾರಿಗಳಿಗೋ ತಿಳಿಸಬೇಕು. ನ್ಯಾಯವಾದ ಕೂಲಿಯಿಂದ ಸರಕಿನ ಬೆಲೆ ಏರಿದರೆ ಅದನ್ನು ಕೊಡಬೇಕು. ಲಾಭದಲ್ಲಿ ಆದ ಆ ಕಡಿತವೂ ಒಂದು ಊನೋದರವೆಂದು ತಿಳಿಯಲಿ.

ದಶಲಕ್ಷಣ ಪರ್ವವು ಮುಗಿದು ಕ್ಷಮಾವಾಣಿಯ ದಿನ ಎಲ್ಲ ಜೀವಿಗಳಲ್ಲಿಯೂ ಕ್ಷಮೆ ಬೇಡುವ ಶ್ರಾವಕನು, ತನ್ನ ಹೂಕುಂಡದಲ್ಲಿರುವ ನಾರನ್ನು ಬಿಡಿಸಿದ ಕೈಗಳನ್ನೂ ನೆನೆಯಲಿ. ಆ ಕೈಗಳು ಬಂಧನದಲ್ಲಿಲ್ಲವೆಂದು ತಿಳಿದು ಪಾರಣೆಗೆ ಕುಳಿತಾಗಲೇ ಅವನ ಉಪವಾಸವು ಪೂರ್ಣವಾಗುವುದು. ಸರ್ವ ಜೀವಿಗಳಿಗೂ ಮಂಗಳವಾಗಲಿ.