ಕಾಲೇಜಿನ ಹೊಸ್ತಿಲು ದಾಟುವ ಮುನ್ನ

ಸಕಲ ಸ್ತುತಿಯೂ ಅಲ್ಲಾಹನಿಗೆ. ಅವನ ಅಂತಿಮ ಸಂದೇಶವಾಹಕರ ಮೇಲೆ, ಅವರ ಕುಟುಂಬದವರ ಹಾಗೂ ಅನುಚರರ ಮೇಲೆ ಅವನ ಕರುಣೆ ಮತ್ತು ಶಾಂತಿ ಇರಲಿ.



ಕಮಲಾಪುರದ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿರಿ. ಪಿಯುಸಿ ಫಲಿತಾಂಶ ಬಂದಿದೆ. ಮಗಳು ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾಗಿದ್ದಾಳೆ. ಅಕ್ಕಪಕ್ಕದ ಮನೆಗಳಿಗೆ ಸಿಹಿ ಹಂಚಿಯಾಗಿದೆ. ಇಶಾ ನಮಾಝ್ ಮುಗಿಸಿ ಬಂದ ಗಂಡಸರು ಊಟಕ್ಕೆ ಕುಳಿತಾಗ ಮುಂದಿನ ಮಾತು ಏಳುತ್ತದೆ. “ಕಲಬುರಗಿಗೆ ಹೋಗಿ ಓದ್ತೀನಿ ಅಂತಾಳ” ಎನ್ನುತ್ತಾರೆ ತಂದೆ. “ಕಾಲ ಕೆಟ್ಟಿದೆ ಭಾಯಿ, ಯೋಚನೆ ಮಾಡ್ರಿ” ಎನ್ನುತ್ತಾರೆ ಚಾಚಾ. “ಓದಿದ್ದು ಸಾಕು, ಒಳ್ಳೆ ಸಂಬಂಧ ಬಂದಾವ” ಎನ್ನುತ್ತಾರೆ ದಾದಿ. ತಾಯಿ ಸುಮ್ಮನಿದ್ದಾರೆ. ಯಾರ ಬದುಕಿನ ಕುರಿತು ಇಷ್ಟೆಲ್ಲ ಮಾತು ನಡೆದಿದೆಯೋ ಆ ಹುಡುಗಿ ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದಾಳೆ. ಅವಳನ್ನು ಯಾರೂ ಕರೆದು ಕೇಳಲಿಲ್ಲ.

ಇದು ಕೇವಲ ಒಂದು ಮನೆಯ ಚಿತ್ರವಲ್ಲ. ಪ್ರತಿ ವರ್ಷ ಬೇಸಿಗೆಯಲ್ಲಿ ನಮ್ಮ ಸಾವಿರಾರು ಮನೆಗಳಲ್ಲಿ ಇದೇ ನಡೆಯುತ್ತದೆ. ತಂದೆಯ ಭಯ ಸುಳ್ಳಲ್ಲ, ಮಗಳ ಆಸೆಯೂ ತಪ್ಪಲ್ಲ. ವಿದ್ಯೆ ಗಳಿಸುವುದು ಪ್ರತಿಯೊಬ್ಬ ಮುಸ್ಲಿಮನ ಕರ್ತವ್ಯವೆಂದು ಕಲಿಸಿದ ಧರ್ಮವೇ ಮಕ್ಕಳ ಪ್ರಾಣ, ಮಾನ ಮತ್ತು ವಿಶ್ವಾಸದ ರಕ್ಷಣೆಯನ್ನೂ ಹೆತ್ತವರ ಹೊಣೆಯಾಗಿಸಿದೆ. ಹಾಗಾದರೆ ಒಂದು ಕಾಲೇಜು ನಮ್ಮ ಮಗುವಿಗೆ ತಕ್ಕುದೋ ಅಲ್ಲವೋ ಎಂಬುದನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು?

ಅಬಿಸೀನಿಯದ ಪಾಠ

ಪ್ರವಾದಿತ್ವದ ಐದನೆಯ ವರ್ಷ, ಎಂದರೆ ಸುಮಾರು ಕ್ರಿ.ಶ. 615ರಲ್ಲಿ, ಮಕ್ಕಾದಲ್ಲಿ ಮುಸ್ಲಿಮರ ಬದುಕು ಅಸಹನೀಯವಾಯಿತು. ಆಗ ಪ್ರವಾದಿವರ್ಯರು(ಸ) ತಮ್ಮ ಅನುಚರರಿಗೆ ಅಬಿಸೀನಿಯಕ್ಕೆ ಹೋಗಲು ಸಲಹೆಯಿತ್ತರು. ಹೊರಟವರಲ್ಲಿ ಅವರ ಸ್ವಂತ ಮಗಳು ಹ. ರುಕಯ್ಯ(ರ) ಮತ್ತು ಅಳಿಯ ಹ. ಉಸ್ಮಾನ್(ರ) ಕೂಡ ಇದ್ದರು. ಸಮುದ್ರದಾಚೆಯ ದೇಶ, ಅಪರಿಚಿತ ಭಾಷೆ, ಅನ್ಯ ಧರ್ಮದ ಅರಸ. ಆದರೂ ಆ ನೆಲವನ್ನೇ ಆರಿಸಲು ಪ್ರವಾದಿವರ್ಯರು(ಸ) ಕೊಟ್ಟ ಕಾರಣ ಒಂದೇ: ಅಲ್ಲಿಯ ಅರಸನ ಆಳ್ವಿಕೆಯಲ್ಲಿ ಯಾರಿಗೂ ಅನ್ಯಾಯವಾಗುವುದಿಲ್ಲ.

ಗಮನಿಸಿರಿ. ಆ ಊರಿನ ಹೆಸರೇನು, ಅರಸ ನಮ್ಮವನೋ ಪರರವನೋ ಎಂಬುದು ಅಲ್ಲಿ ಅಳತೆಗೋಲಾಗಲಿಲ್ಲ. ನ್ಯಾಯ ಅಳತೆಗೋಲಾಯಿತು. ಆ ಆಯ್ಕೆ ಎಷ್ಟು ಸರಿಯಾಗಿತ್ತೆಂಬುದು ಮುಂದೆ ಸ್ಪಷ್ಟವಾಯಿತು. ಮುಸ್ಲಿಮರನ್ನು ಮರಳಿ ಒಪ್ಪಿಸಬೇಕೆಂದು ಕುರೈಶರ ರಾಯಭಾರಿಗಳು ಕಾಣಿಕೆಗಳೊಂದಿಗೆ ಬಂದಾಗ, ದರ್ಬಾರಿನವರೂ ಅವರ ಪರವಾಗಿಯೇ ಮಾತಾಡಿದರು. ಆದರೆ ಆಸರೆ ಬೇಡಿ ಬಂದವರ ಮಾತನ್ನು ಕೇಳದೆ ತೀರ್ಮಾನಿಸಲಾರೆನೆಂದು ನಜ್ಜಾಶಿ ಹೇಳಿದರು. ಹ. ಜಅಫರ್(ರ) ಎದ್ದು ನಿಂತು ಮಾತಾಡಿದರು. ಅರಸ ಕೇಳಿಸಿಕೊಂಡರು. ಕಾಣಿಕೆಗಳು ಹಿಂದಿರುಗಿದವು.

ಕಾಲೇಜಿನ ವಿಷಯದಲ್ಲೂ ನಾವು ಕೇಳಬೇಕಾದ ಮೊದಲ ಪ್ರಶ್ನೆ ಇದೇ: ನಮ್ಮ ಮಗುವಿಗೆ ಅಲ್ಲಿ ತೊಂದರೆಯಾದರೆ ಅದರ ಮಾತನ್ನು ಕೇಳುವವರು ಇದ್ದಾರೆಯೇ?

ನಮ್ಮ ಊರಿನಲ್ಲೇ ನಡೆದದ್ದು

ಕಲಬುರಗಿ ವಿದ್ಯೆಯ ಊರು. ಹ. ಖ್ವಾಜಾ ಬಂದೇನವಾಝರು ದೆಹಲಿಯಿಂದ ಬಂದು ನೆಲೆಸಿ, 1422ರಲ್ಲಿ ಕೊನೆಯುಸಿರೆಳೆದ ಊರು. ಇಲ್ಲಿ 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಬಂತು. 2009ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಸ್ಥಾಪನೆಯಾಗಿ ಆಳಂದ ರಸ್ತೆಯ ಕಡಗಂಚಿಯಲ್ಲಿ ನೆಲೆಯೂರಿತು. ಖಾಜಾ ಶಿಕ್ಷಣ ಸಂಸ್ಥೆಯ ಬೀಬಿ ರಝಾ ಮಹಿಳಾ ಕಾಲೇಜಿನಂತೆ ಹೆಣ್ಣುಮಕ್ಕಳಿಗೆಂದೇ ಇರುವ ಕಾಲೇಜುಗಳೂ ಇಲ್ಲಿ ಹಲವಿವೆ. ಆಯ್ಕೆಗೆ ಕೊರತೆಯಿಲ್ಲ.

ಆದರೆ ಇದೇ ನಗರದಲ್ಲಿ 2016ರಲ್ಲಿ ನಡೆದ ಒಂದು ಘಟನೆಯನ್ನು ನಾವು ಮರೆಯಬಾರದು. ನರ್ಸಿಂಗ್ ಓದಲು ಕೇರಳದಿಂದ ಬಂದಿದ್ದ ಬಡ ದಲಿತ ಕುಟುಂಬದ ವಿದ್ಯಾರ್ಥಿನಿಯೊಬ್ಬಳಿಗೆ ಹಾಸ್ಟೆಲಿನಲ್ಲಿ ಹಿರಿಯ ವಿದ್ಯಾರ್ಥಿನಿಯರು ಶೌಚಾಲಯ ತೊಳೆಯುವ ದ್ರವವನ್ನು ಬಲವಂತವಾಗಿ ಕುಡಿಸಿದರೆಂಬ ಆರೋಪ ಅದು. ಅವಳ ಅನ್ನನಾಳ ಸುಟ್ಟು ಆಹಾರ ನುಂಗಲೂ ಆಗದ ಸ್ಥಿತಿ ಬಂತು. ಮೇ ತಿಂಗಳಲ್ಲಿ ನಡೆದದ್ದು ಪೊಲೀಸರ ಮುಂದೆ ಬಂದದ್ದು ಜೂನ್‌ನಲ್ಲಿ, ಅದೂ ಅವಳು ಕೇರಳಕ್ಕೆ ಮರಳಿದ ಬಳಿಕ. ನಂತರ ಪ್ರಕರಣ ಕಲಬುರಗಿ ಪೊಲೀಸರಿಗೆ ವರ್ಗಾವಣೆಯಾಯಿತು, ಬಂಧನಗಳೂ ನಡೆದವು.

ಇದರಲ್ಲಿ ನಮಗೆ ಎರಡು ಪಾಠಗಳಿವೆ. ಮೊದಲನೆಯದು, ಅಲ್ಲಿ ಗಂಡಸರಿರಲಿಲ್ಲ. ಹೆಣ್ಣುಮಕ್ಕಳ ಕೋಣೆಯಲ್ಲಿ, ಅವಳದೇ ನಾಡಿನಿಂದ ಬಂದವರ ಮೇಲೆ ಆ ಆರೋಪ ಬಂತು. ‘ಬರೀ ಹುಡುಗಿಯರ ಹಾಸ್ಟೆಲ್’, ‘ನಮ್ಮವರೇ ಇರುವ ಜಾಗ’ ಎಂಬ ಫಲಕ ನೋಡಿ ನಾವು ಕಣ್ಣು ಮುಚ್ಚಿ ನೆಮ್ಮದಿಯಿಂದ ಕೂರುವಂತಿಲ್ಲ. ಎರಡನೆಯದು ಇನ್ನೂ ದೊಡ್ಡದು. ಗಾಯ ಆದದ್ದಕ್ಕೂ ದೂರು ದಾಖಲಾದದ್ದಕ್ಕೂ ನಡುವೆ ವಾರಗಳು ಕಳೆದವು. ಊರು ಬಿಟ್ಟು ಬಂದ ಹದಿಹರೆಯದ ಹುಡುಗಿಗೆ ಅನ್ಯಾಯದಷ್ಟೇ ಭಾರವಾದದ್ದು, ಅದನ್ನು ಹೇಳಿಕೊಳ್ಳಲು ಹತ್ತಿರದಲ್ಲಿ ಯಾರೂ ಇಲ್ಲದಿರುವುದು.

ಒಂಟೆಯನ್ನು ಕಟ್ಟುವುದೆಂದರೆ

ಒಂಟೆಯನ್ನು ಬಿಟ್ಟು ಅಲ್ಲಾಹನ ಮೇಲೆ ಭರವಸೆಯಿಡಲೇ ಎಂದು ಕೇಳಿದವನಿಗೆ, ಮೊದಲು ಅದನ್ನು ಕಟ್ಟಿ ಬಳಿಕ ಭರವಸೆಯಿಡಲು ಪ್ರವಾದಿವರ್ಯರು(ಸ) ಹೇಳಿದ ಪ್ರಸಂಗ ತಿರ್ಮಿದಿಯಲ್ಲಿದೆ. ಕಾಲೇಜಿನ ವಿಷಯದಲ್ಲಿ ಒಂಟೆಯನ್ನು ಕಟ್ಟುವುದೆಂದರೆ ಏನು?

ಪ್ರವೇಶದ ದಿನ ಎಲ್ಲ ಕಾಲೇಜುಗಳೂ ಚೆನ್ನಾಗಿಯೇ ಕಾಣುತ್ತವೆ. ಒಂದು ಸಾಮಾನ್ಯ ದಿನ, ಕಾಲೇಜು ಬಿಡುವ ಹೊತ್ತಿಗೆ ಹೋಗಿರಿ. ಮಗಳನ್ನೂ ಕರೆದುಕೊಂಡು ಹೋಗಿರಿ. ಗೇಟಿನಿಂದ ಬಸ್ ನಿಲ್ದಾಣದವರೆಗೆ ಅವಳೊಂದಿಗೆ ನಡೆಯಿರಿ. ಶೌಚಾಲಯ ಶುಚಿಯಾಗಿದೆಯೇ, ಅದರ ಬಾಗಿಲಿಗೆ ಚಿಲಕವಿದೆಯೇ ಎಂದು ತಾಯಿ ನೋಡಲಿ. ಝುಹ್ರ್ ನಮಾಝಿಗೆ ಹತ್ತು ನಿಮಿಷ ನಿಲ್ಲಲು ಒಂದು ಮೂಲೆ ಸಿಗುತ್ತದೆಯೇ ಎಂದು ಕೇಳಿರಿ. ಸಮವಸ್ತ್ರ ಮತ್ತು ಹಿಜಾಬಿನ ಕುರಿತು ಆ ಕಾಲೇಜಿನ ನಿಯಮವೇನೆಂಬುದನ್ನು ಶುಲ್ಕ ಕಟ್ಟುವ ಮೊದಲೇ ಸ್ಪಷ್ಟವಾಗಿ ತಿಳಿದುಕೊಳ್ಳಿರಿ. 2022ರಲ್ಲಿ ನಮ್ಮ ರಾಜ್ಯದ ಎಷ್ಟೋ ಹೆಣ್ಣುಮಕ್ಕಳು ವರ್ಷದ ನಡುವೆ ಗೇಟಿನ ಹೊರಗೆ ನಿಲ್ಲಬೇಕಾಯಿತು. ಕೆಲವರು ಪರೀಕ್ಷೆಯನ್ನೇ ಕಳೆದುಕೊಂಡರು.

ಹಾಸ್ಟೆಲ್ ಆದರೆ ಅಲ್ಲಿಯ ಊಟವನ್ನು ಒಂದು ಹೊತ್ತು ಉಂಡು ನೋಡಿರಿ. ರಾತ್ರಿ ವಾರ್ಡನ್ ಅಲ್ಲಿಯೇ ಇರುತ್ತಾರೆಯೇ ಎಂದು ವಿಚಾರಿಸಿರಿ. ವಾರ್ಡನ್ ಎಲ್ಲ ಹೊತ್ತಿನಲ್ಲೂ ಸಿಗುವಂತಿರಬೇಕು, ಹೊಸ ವಿದ್ಯಾರ್ಥಿಗಳನ್ನು ಸಾಧ್ಯವಾದಷ್ಟು ಪ್ರತ್ಯೇಕವಾಗಿ ಇರಿಸಬೇಕು, ರ‍್ಯಾಗಿಂಗ್ ತಡೆಯಲು ಒಂದು ಸಮಿತಿ ಇರಬೇಕು ಎಂದು ಯುಜಿಸಿ 2009ರಲ್ಲೇ ನಿಯಮ ಮಾಡಿದೆ. ಆ ನಿಯಮದ ಪ್ರಕಾರ ವಿದ್ಯಾರ್ಥಿ ಮತ್ತು ಹೆತ್ತವರು ಇಬ್ಬರೂ ಮುಚ್ಚಳಿಕೆ ಬರೆದುಕೊಡಬೇಕು. ನಾವು ಓದದೆ ಸಹಿ ಹಾಕುವ ಕಾಗದ ಅದು. ಈ ಸಲ ಓದಿ ಸಹಿ ಹಾಕಿರಿ. ಬಳಿಕ ಸಮಿತಿಯಲ್ಲಿ ಯಾರಿದ್ದಾರೆ, ಹಿಂದಿನ ಬಾರಿ ದೂರು ಬಂದಾಗ ಏನು ಮಾಡಿದಿರಿ ಎಂದು ವಿನಯದಿಂದ ಕೇಳಿರಿ. ‘ನಮ್ಮಲ್ಲಿ ದೂರೇ ಬರುವುದಿಲ್ಲ’ ಎಂದು ಕೈತೊಳೆದುಕೊಳ್ಳುವ ಕಾಲೇಜಿಗಿಂತ, ‘ಬಂದಿತ್ತು, ಹೀಗೆ ಮಾಡಿದೆವು’ ಎಂದು ಹೇಳುವ ಕಾಲೇಜು ಹೆಚ್ಚು ನಂಬಿಕೆಗೆ ಅರ್ಹ. ರ‍್ಯಾಗಿಂಗ್ ವಿರೋಧಿ ಸಹಾಯವಾಣಿ 1800-180-5522 ಮತ್ತು ತುರ್ತು ಸಂಖ್ಯೆ 112, ಇವೆರಡೂ ಮಗಳಿಗೆ ಬಾಯಿಪಾಠವಾಗಿರಲಿ.

ದಿನಾ ಬಸ್ಸಿನಲ್ಲಿ ಹೋಗಿ ಬರುವುದೋ ಹಾಸ್ಟೆಲೋ ಎಂಬುದಕ್ಕೆ ಎಲ್ಲರಿಗೂ ಒಂದೇ ಉತ್ತರವಿಲ್ಲ. ಕಮಲಾಪುರದಿಂದ ಕಲಬುರಗಿಗೆ ಸುಮಾರು 35 ಕಿಲೋಮೀಟರ್. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಟಿಕೆಟಿನ ಹಣದ ಚಿಂತೆ ತಪ್ಪಿತು, ಆದರೆ ನೂಕುನುಗ್ಗಲು ತಪ್ಪಲಿಲ್ಲ. ಒಬ್ಬಳು ದಿನವೂ ಮನೆಗೆ ಮರಳಿದರೆ ಅರಳುತ್ತಾಳೆ, ಇನ್ನೊಬ್ಬಳು ಪ್ರಯಾಣದಲ್ಲೇ ಬಳಲಿ ಓದಿನಲ್ಲಿ ಹಿಂದೆ ಬೀಳುತ್ತಾಳೆ. ಮಗಳ ಸ್ವಭಾವವನ್ನು ತಿಳಿದವರು ನೀವು. ಅದನ್ನು ನೋಡಿ ನಿರ್ಧರಿಸಿರಿ, ನೆರೆಮನೆಯವರ ಮಗಳನ್ನು ನೋಡಿ ಅಲ್ಲ.

ಮದ್‌ಯನ್‌ನ ಬಾವಿಯ ಬಳಿ

ಇನ್ನು ಕಾಲೇಜಿನ ಒಡನಾಟದ ಮಾತು. ಒಳ್ಳೆಯ ಸಂಗಾತಿಯನ್ನು ಕಸ್ತೂರಿ ಮಾರುವವನಿಗೂ ಕೆಟ್ಟ ಸಂಗಾತಿಯನ್ನು ತಿದಿಯೂದುವವನಿಗೂ ಪ್ರವಾದಿವರ್ಯರು(ಸ) ಹೋಲಿಸಿದ್ದನ್ನು ನಾವೆಲ್ಲ ಕೇಳಿದ್ದೇವೆ. ಕಾಲೇಜಿನ ಮೊದಲ ತಿಂಗಳಲ್ಲಿ ಸಿಕ್ಕ ಗೆಳತಿಯರೇ ಬಹುಮಟ್ಟಿಗೆ ಮೂರು ವರ್ಷದ ಗೆಳತಿಯರು. ಆದುದರಿಂದ ಅಲ್ಲಿ ಈಗಾಗಲೇ ಓದುತ್ತಿರುವ ನಮ್ಮೂರಿನ ಒಬ್ಬ ಹಿರಿಯ ಹುಡುಗಿಯನ್ನು ಹುಡುಕಿರಿ. ಕಾಲೇಜಿನ ಪುಸ್ತಿಕೆ ಹೇಳದ್ದನ್ನು ಆ ಆಪಾ ಐದು ನಿಮಿಷದಲ್ಲಿ ಹೇಳುತ್ತಾಳೆ.

ಪವಿತ್ರ ಕುರ್‌ಆನಿನ ಅಲ್‌ಕಸಸ್ ಅಧ್ಯಾಯದಲ್ಲಿ ಹ. ಮೂಸಾ(ಅ)ರು ಮದ್‌ಯನ್‌ಗೆ ಬಂದ ಪ್ರಸಂಗವಿದೆ. ಬಾವಿಯ ಬಳಿ ಕುರಿಗಾಹಿಗಳ ಗುಂಪು. ಇಬ್ಬರು ಸಹೋದರಿಯರು ತಮ್ಮ ಕುರಿಗಳನ್ನು ತಡೆದುಕೊಂಡು ದೂರ ನಿಂತಿದ್ದರು. ಅವರ ತಂದೆ ವೃದ್ಧರು, ಕೆಲಸಕ್ಕಾಗಿ ಅವರೇ ಹೊರಗೆ ಬರಬೇಕಾಗಿತ್ತು. ಅವರು ಹೊರಗೆ ಬಂದುದನ್ನು ಕುರ್‌ಆನ್ ತಪ್ಪೆಂದು ಹೇಳಲಿಲ್ಲ. ಹ. ಮೂಸಾ(ಅ)ರು ಬೇಕಾದಷ್ಟೇ ಕೇಳಿದರು, ಕುರಿಗಳಿಗೆ ನೀರು ಕುಡಿಸಿದರು, ಮರಳಿ ನೆರಳಿಗೆ ಹೋಗಿ ಕುಳಿತರು. ಮುಂದೆ ಅವರನ್ನು ಕರೆಯಲು ಬಂದ ಸಹೋದರಿಯ ನಡಿಗೆಯಲ್ಲಿ ಲಜ್ಜೆಯಿತ್ತು, ಮಾತಿನಲ್ಲಿ ಸ್ಪಷ್ಟತೆಯೂ ಇತ್ತು. ಗಂಡು ಹೆಣ್ಣು ಒಂದೇ ಆವರಣದಲ್ಲಿ ಓದಬೇಕಾದಲ್ಲಿ ನಮ್ಮ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಮಾದರಿ ಬೇರೆಲ್ಲಿದೆ?

ಇಲ್ಲಿ ಗಂಡುಮಕ್ಕಳ ಹೆತ್ತವರೂ ಕಿವಿಗೊಡಲಿ. ದೃಷ್ಟಿ ತಗ್ಗಿಸುವ ಆಜ್ಞೆ ಅನ್ನೂರ್ ಅಧ್ಯಾಯದಲ್ಲಿ ಮೊದಲು ಬಂದುದು ಪುರುಷರಿಗೆ. ಮಗಳ ಕಾಲೇಜಿಗೆ ಹತ್ತು ಸಲ ಯೋಚಿಸುವ ನಾವು ಮಗನನ್ನು ಯೋಚಿಸದೆ ಬಿಟ್ಟುಬಿಡುತ್ತೇವೆ. ಅವನೂ ಅನ್ಯಾಯಕ್ಕೆ ಒಳಗಾಗಬಹುದು, ಅನ್ಯಾಯವನ್ನು ಮಾಡಲೂಬಹುದು. ಅನ್ಯಾಯಕ್ಕೊಳಗಾದ ಸಹೋದರನಿಗೆ ಮಾತ್ರವಲ್ಲ, ಅನ್ಯಾಯ ಮಾಡುವವನಿಗೂ ಸಹಾಯ ಮಾಡಬೇಕೆಂದೂ, ಅವನ ಕೈ ಹಿಡಿದು ತಡೆಯುವುದೇ ಆ ಸಹಾಯವೆಂದೂ ಪ್ರವಾದಿವರ್ಯರು(ಸ) ಕಲಿಸಿದರು. ಕಿರಿಯರನ್ನು ಪೀಡಿಸುವ ಗುಂಪಿನಲ್ಲಿ ನಗುತ್ತ ನಿಂತ ಮಗನ ನಮಾಝಿನ ಬಗ್ಗೆ ಮಾತ್ರ ವಿಚಾರಿಸಿ ಸುಮ್ಮನಾಗುವ ತಂದೆ ತನ್ನ ಹೊಣೆಯನ್ನು ಪೂರೈಸಿದಂತಾಗಲಿಲ್ಲ.

ಮನೆಯ ಬಾಗಿಲು

ಬಾಂಧವರೇ, ಕಾಲೇಜನ್ನು ಎಷ್ಟು ಪರೀಕ್ಷಿಸಿದರೂ ಒಂದು ಪರೀಕ್ಷೆ ಉಳಿಯುತ್ತದೆ. ಅದು ನಮ್ಮ ಮನೆಯದು. “ಏನಾದರೂ ಸುದ್ದಿ ಬಂತೋ, ಓದು ಬಂದ್” ಎಂದು ನಾವು ಮಗಳನ್ನು ಕಳಿಸುವಾಗಲೇ ಎಚ್ಚರಿಸುತ್ತೇವೆ. ಅವಳನ್ನು ಕಾಪಾಡಲೆಂದೇ ಹಾಗೆನ್ನುತ್ತೇವೆ. ಆದರೆ ಅವಳು ಅದರಿಂದ ಕಲಿಯುವುದೇನು? ಬಸ್ಸಿನಲ್ಲಿ ಯಾರೋ ಕಾಡಿದರೆ ಹೇಳಬಾರದು. ಯಾರೋ ತನ್ನ ಚಿತ್ರವನ್ನು ಮೊಬೈಲಿನಲ್ಲಿ ಹಿಡಿದು ಬೆದರಿಸಿದರೆ ಹೇಳಬಾರದು. ಹೇಳಿದರೆ ಶಿಕ್ಷೆ ಕಾಡಿದವನಿಗಲ್ಲ, ತನಗೆ. ಹೀಗೆ ನಾವು ಕಟ್ಟಿದ ಬೇಲಿಯೇ ದುಷ್ಟನಿಗೆ ಆಸರೆಯಾಗುತ್ತದೆ. ಬೆದರಿಸುವವನ ಬಲವೆಲ್ಲ ಇರುವುದು ಆ ಹುಡುಗಿ ಮನೆಯವರಿಗೆ ಹೆದರುತ್ತಾಳೆ ಎಂಬುದರಲ್ಲಿ.

ಹ. ಯೂಸುಫ್(ಅ)ರು ಬಾಲ್ಯದಲ್ಲಿ ವಿಚಿತ್ರವಾದ ಕನಸು ಕಂಡಾಗ ಓಡಿ ಬಂದು ಹೇಳಿದ್ದು ತಂದೆಗೆ. ಹ. ಯಅಕೂಬ್(ಅ)ರು ನಗಲಿಲ್ಲ, ಗದರಲಿಲ್ಲ. ಕೇಳಿಸಿಕೊಂಡು, ಅಪಾಯ ಎಲ್ಲಿದೆಯೆಂದು ತಿಳಿಸಿ, ಅಲ್ಲಾಹನ ಅನುಗ್ರಹದ ಭರವಸೆಯಿತ್ತರು. ಮಗು ಮೊದಲು ನಮ್ಮ ಬಳಿಗೇ ಬರುವಂತಹ ಮನೆ ನಮ್ಮದಾಗಲಿ. “ಏನೇ ಆದರೂ ಮೊದಲು ನನಗೆ ಹೇಳು ಬೇಟಿ, ನಿನ್ನ ಓದು ನಿಲ್ಲಿಸುವುದಿಲ್ಲ, ನಿನ್ನ ಜೊತೆ ನಿಲ್ಲುತ್ತೇನೆ” ಎಂದು ತಂದೆ ಒಂದು ಸಲ ಬಾಯಿಬಿಟ್ಟು ಹೇಳಲಿ. ಈ ಒಂದು ಮಾತು ಕೊಡುವ ರಕ್ಷಣೆಯನ್ನು ಹತ್ತು ಕಾವಲುಗಾರರೂ ಕೊಡಲಾರರು.

ಮಗುವಿನ ಹಾಲು ಬಿಡಿಸುವಂತಹ ವಿಷಯದಲ್ಲೂ ತಂದೆತಾಯಿ ಪರಸ್ಪರ ಸಮಾಲೋಚಿಸಿ ಒಪ್ಪಿಕೊಳ್ಳಬೇಕೆಂದು ಅಲ್‌ಬಕರ ಅಧ್ಯಾಯ ಸೂಚಿಸುತ್ತದೆ. ಹಾಗಿದ್ದರೆ ಬೆಳೆದ ಮಗಳ ಬದುಕಿನ ತೀರ್ಮಾನವನ್ನು ಅವಳನ್ನೂ ಅವಳ ತಾಯಿಯನ್ನೂ ಕೇಳದೆ ಮಾಡುವುದು ಯಾವ ನ್ಯಾಯ? ಕೇಳಿರಿ, ಕಾಲೇಜನ್ನು ನೋಡಿ ಬನ್ನಿರಿ, ತಿಳಿದವರೊಂದಿಗೆ ಮಾತಾಡಿರಿ. ಬಳಿಕ ಇಸ್ತಿಖಾರದ ಎರಡು ರಕಅತ್ ನಮಾಝ್ ಮಾಡಿರಿ, ಮಗಳೂ ಮಾಡಲಿ. ಪ್ರವಾದಿವರ್ಯರು(ಸ) ಕುರ್‌ಆನಿನ ಅಧ್ಯಾಯವನ್ನು ಕಲಿಸುವಷ್ಟೇ ಕಾಳಜಿಯಿಂದ ತಮ್ಮ ಅನುಚರರಿಗೆ ಇಸ್ತಿಖಾರವನ್ನು ಕಲಿಸುತ್ತಿದ್ದರು. ಕನಸು ಬೀಳಲೆಂದು ಕಾಯಬೇಕಾಗಿಲ್ಲ. ಒಳಿತಾದರೆ ಸುಲಭಗೊಳಿಸು, ಕೆಡುಕಾದರೆ ದೂರ ಸರಿಸು ಎಂದು ಬೇಡಿ ಮುಂದೆ ಹೆಜ್ಜೆಯಿಡುವುದೇ ಅದರ ತಿರುಳು. ಎಲ್ಲವನ್ನೂ ನೋಡಿದ ಮೇಲೆ ಒಂದು ಕಾಲೇಜು ಬೇಡವೆನಿಸಿದರೆ ಬೇಡವೆನ್ನಿರಿ. ಆದರೆ ಬೇಡವಾದದ್ದು ಆ ಕಾಲೇಜಾಗಿರಲಿ, ಓದು ಅಲ್ಲ.

ಹ. ಫಾತಿಮಾ(ರ) ಮನೆಗೆ ಬಂದಾಗ ಪ್ರವಾದಿವರ್ಯರು(ಸ) ಎದ್ದು ನಿಂತು, ಆಕೆಯ ಕೈ ಹಿಡಿದು ತಾವು ಕುಳಿತಿದ್ದ ಜಾಗದಲ್ಲಿ ಕುಳ್ಳಿರಿಸುತ್ತಿದ್ದರು. ಕಮಲಾಪುರದ ಆ ಮನೆಯ ತಂದೆಗೂ ಇಂದು ರಾತ್ರಿ ಮಾಡಲು ಕಷ್ಟದ ಕೆಲಸವೇನಿಲ್ಲ. ಅಡುಗೆಮನೆಯ ಕಡೆ ತಿರುಗಿ, “ಬೇಟಿ, ಇಲ್ಲಿ ಬಾ, ಕೂಡು. ನೀನೇನು ಯೋಚಿಸಿದಿ, ಹೇಳು” ಎಂದರೆ ಸಾಕು. ಉಳಿದ ಮಾತು ಅಲ್ಲಿಂದ ಆರಂಭವಾಗಲಿ.

ಅಲ್ಲಾಹನೇ, ನಮ್ಮ ಮಕ್ಕಳಿಗೆ ಪ್ರಯೋಜನಕಾರಿಯಾದ ವಿದ್ಯೆಯನ್ನೂ ಸಜ್ಜನರ ಸಂಗವನ್ನೂ ದಯಪಾಲಿಸು. ಮನೆಯಿಂದ ಹೊರಟವರನ್ನು ಕ್ಷೇಮವಾಗಿ ಮರಳಿಸು. ಅವರು ಅನ್ಯಾಯಕ್ಕೆ ಒಳಗಾಗದಂತೆ, ಅನ್ಯಾಯ ಮಾಡದಂತೆ ಕಾಪಾಡು. ಅವರ ಮಾತನ್ನು ತಾಳ್ಮೆಯಿಂದ ಕೇಳುವ ಹೃದಯವನ್ನು ನಮಗೆ ಕರುಣಿಸು. ಆಮೀನ್.