ಉಪಭೋಗ ಪರಿಮಾಣವೂ ಇಂದಿನ ಯಂತ್ರಸಾಧನಗಳೂ

ಶ್ರಾವಕನ ಹನ್ನೆರಡು ವ್ರತಗಳಲ್ಲಿ ಭೋಗೋಪಭೋಗ ಪರಿಮಾಣವು ನಿತ್ಯಜೀವನಕ್ಕೆ ಅತ್ಯಂತ ಸಮೀಪವಾದುದು. ಒಮ್ಮೆ ಅನುಭವಿಸಿದೊಡನೆ ಮುಗಿದುಹೋಗುವ ಅನ್ನಪಾನಾದಿಗಳು ಭೋಗ. ಮರಳಿ ಮರಳಿ ಬಳಕೆಗೆ ಬರುವ ವಸ್ತ್ರಾದಿಗಳು ಉಪಭೋಗ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ಭೇದವನ್ನು ತಿಳಿಸಿ, ಮಿತಿಯನ್ನು ಜೀವಿತಾವಧಿಗೆ ಹಿಡಿದರೆ ಯಮವೆಂದೂ ನಿಯತ ಕಾಲಕ್ಕೆ ಹಿಡಿದರೆ ನಿಯಮವೆಂದೂ ವಿವರಿಸಿದ್ದಾರೆ. ಸೀರೆ ಇಷ್ಟು, ಪಾತ್ರೆ ಇಷ್ಟು, ವಾಹನ ಇಷ್ಟು ಎಂದು ಎಣಿಸಿ ನೇಮ ಹಿಡಿಯುವುದು ಸುಲಭ. ಆದರೆ ಗಾಜಿನ ಫಲಕವನ್ನು ಬೆರಳಿನಿಂದ ಮುಟ್ಟಿದೊಡನೆ ಗಡಿಯಾರ, ರೇಡಿಯೊ, ಕ್ಯಾಮೆರಾ, ಚಿತ್ರಮಂದಿರ, ಅಂಗಡಿ ಎಲ್ಲವೂ ತೆರೆದುಕೊಳ್ಳುವ ಮೊಬೈಲ್ ಫೋನನ್ನು ಒಂದು ವಸ್ತುವೆನ್ನಬೇಕೆ, ಹಲವೆನ್ನಬೇಕೆ?

ಕೊಳ್ಳೇಗಾಲದ ಒಂದು ಮನೆಯನ್ನು ಭಾವಿಸಬಹುದು. ತಾಯಿ ಚಾತುರ್ಮಾಸದ ಆರಂಭದಲ್ಲಿ ಹೊಸ ಉಪಭೋಗ ವಸ್ತುವನ್ನು ಸ್ವೀಕರಿಸುವುದಿಲ್ಲವೆಂದು ನಿಯಮ ಹಿಡಿದಿದ್ದಾಳೆ. ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಮಗ ದಶಲಕ್ಷಣ ಪರ್ವಕ್ಕೆ ಬರುವಾಗ ಬೆಲೆಬಾಳುವ ಟಚ್ ಸ್ಕ್ರೀನ್ ಫೋನನ್ನು ತರುತ್ತಾನೆ. “ಅಮ್ಮ, ಪ್ರವಚನ ಕೇಳಬಹುದು, ಮೊಮ್ಮಗುವಿನ ಮುಖ ನೋಡಬಹುದು” ಎನ್ನುತ್ತಾನೆ. ಬೇಡವೆಂದರೆ ಮಗನ ಪ್ರೀತಿಗೆ ನೋವು; ಬೇಕೆಂದರೆ ನಿಯಮಕ್ಕೆ ಭಂಗ. ಇಲ್ಲಿ ಧರ್ಮವಾವುದು?

ಉತ್ತರಕ್ಕೆ ಮೊದಲು ವಸ್ತುವಿನ ಸ್ವರೂಪವನ್ನು ಅರಿಯಬೇಕು. ಸಮ್ಯಗ್ಜ್ಞಾನವಿಲ್ಲದ ತ್ಯಾಗವೂ ಕುರುಡು, ಸ್ವೀಕಾರವೂ ಕುರುಡು.

ಈ ಸೀಮೆಗೆ ಇಂತಹ ಸಾಧನಗಳು ಅಪರಿಚಿತವಲ್ಲ. ಕೊಳ್ಳೇಗಾಲದ ನೆರೆಯ ಶಿವನಸಮುದ್ರದಲ್ಲಿ 1902ರಲ್ಲಿಯೇ ಕಾವೇರಿಯ ಜಲದಿಂದ ವಿದ್ಯುತ್ತು ಹುಟ್ಟಿತು. ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಆರಂಭಿಸಿದ ಬಾನುಲಿ ಕೇಂದ್ರವೇ ‘ಆಕಾಶವಾಣಿ’ ಎಂಬ ಹೆಸರನ್ನು ಪಡೆದುದು. ಸಾಧಾರಣ ರೇಡಿಯೊ ಎರಡು ಸೆಲ್ಲುಗಳಿಂದ ನಡೆಯುತ್ತದೆ. ಅದಕ್ಕೆ ಚಂದಾ ಬೇಕಿಲ್ಲ, ಯಾರ ಅನುಮತಿಯೂ ಬೇಕಿಲ್ಲ.

ಉಪಗ್ರಹ ರೇಡಿಯೊದ ಕಥೆ ಬೇರೆ. ವರ್ಲ್ಡ್‌ಸ್ಪೇಸ್ ಸಂಸ್ಥೆಯು 2000ದಲ್ಲಿ ಏಷ್ಯಾಸ್ಟಾರ್ ಉಪಗ್ರಹವನ್ನು ಸುಮಾರು 36,000 ಕಿಲೋಮೀಟರ್ ಎತ್ತರದ ಕಕ್ಷೆಯಲ್ಲಿ ನಿಲ್ಲಿಸಿ, ಅಲ್ಲಿಂದ ಹಲವು ಭಾಷೆಗಳ ಸಂಗೀತವನ್ನು ಬಿತ್ತರಿಸಿತು. ಕನ್ನಡಕ್ಕೂ ಒಂದು ವಾಹಿನಿಯಿತ್ತು. ಅದಕ್ಕೆ ವಿಶೇಷ ಯಂತ್ರ ಬೇಕು, ಆಕಾಶಕ್ಕೆ ತೆರೆದ ಆಂಟೆನಾ ಬೇಕು, ಮುಂಗಡ ಚಂದಾ ಬೇಕು. 2008ರಲ್ಲಿ ಸಂಸ್ಥೆ ದಿವಾಳಿಯ ರಕ್ಷಣೆಗೆ ಮೊರೆಹೊಕ್ಕಿತು. 2009ರ ಡಿಸೆಂಬರ್ 31ರಂದು ಭಾರತದಲ್ಲಿ ಸೇವೆ ನಿಂತಿತು. ಯಂತ್ರ ಕೆಟ್ಟಿರಲಿಲ್ಲ, ಒಡೆದಿರಲಿಲ್ಲ, ಆದರೂ ಮೂಕವಾಯಿತು. ಅನಿತ್ಯಾನುಪ್ರೇಕ್ಷೆಗೆ ಇದಕ್ಕಿಂತ ಸಮೀಪದ ದೃಷ್ಟಾಂತ ಬೇಕೆ? ತನ್ನದೆಂದು ಕೊಂಡ ವಸ್ತುವಿನ ಪ್ರಾಣ ಪರರ ಕೈಯಲ್ಲಿದ್ದರೆ ಅದು ಯಾರ ವಸ್ತು ಎಂದು ಕೊಳ್ಳುವ ಮೊದಲೇ ಕೇಳಿಕೊಳ್ಳಬೇಕು.

ಸ್ಪರ್ಶಫಲಕಗಳಲ್ಲಿಯೂ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ಎರಡು ತೆಳು ಪದರಗಳು ಒತ್ತಡದಿಂದ ಕೂಡುತ್ತವೆ. ಕಡ್ಡಿಯಿಂದ ಒತ್ತಿದರೂ ನಡೆಯುತ್ತದೆ. ಇನ್ನೊಂದು ಬೆರಳಿನ ವಿದ್ಯುದ್ವಾಹಕ ಗುಣವನ್ನೇ ಗ್ರಹಿಸುತ್ತದೆ. ಹಗುರ ಸ್ಪರ್ಶ ಸಾಕು, ಆದರೆ ಒದ್ದೆ ಕೈಗೆ ತಡವರಿಸುತ್ತದೆ. ಬೆಂಗಳೂರಿನಲ್ಲಿ ರೂಪುಗೊಂಡು 2004ರಲ್ಲಿ ಮಾರುಕಟ್ಟೆಗೆ ಬಂದ ಸಿಂಪ್ಯೂಟರ್ ಕಡ್ಡಿಯಿಂದ ಮುಟ್ಟುವ ಫಲಕದ್ದು. ಸಾಮಾನ್ಯ ಜನರಿಗೆಂದು ಹುಟ್ಟಿದರೂ ಅದು ಮನೆಮನೆಗೆ ತಲುಪಲಿಲ್ಲ. ಇಂದಿನ ಫೋನುಗಳು ಬಹುತೇಕ ಎರಡನೆಯ ಬಗೆಯವು.

ಆದುದರಿಂದ ಆಯ್ಕೆಯಲ್ಲಿ ವಿವೇಕ ಬೇಕು. ಹನೂರಿನ ಬೆಟ್ಟದ ಹಳ್ಳಿಗಳಲ್ಲಿ ಸಂಕೇತ ದುರ್ಬಲವಾದೆಡೆ ಅಂತರ್ಜಾಲವನ್ನೇ ನಂಬಿದ ಸಾಧನ ವ್ಯರ್ಥ. ಯಳಂದೂರಿನಲ್ಲಾಗಲಿ ಕೊಳ್ಳೇಗಾಲದಲ್ಲಾಗಲಿ, ನೆರೆಯವರ ಯಂತ್ರವನ್ನು ತಮ್ಮ ಮನೆಯಲ್ಲಿಯೇ ಪರೀಕ್ಷಿಸಿ ನೋಡಿ ಕೊಳ್ಳುವುದು ಲೇಸು. ಬ್ಯಾಟರಿ ಬದಲಿಸಬಹುದೆ, ದುರಸ್ತಿ ಸಮೀಪದಲ್ಲಿದೆಯೆ, ಕನ್ನಡ ಅಕ್ಷರ ಹಿರಿಯರ ಕಣ್ಣಿಗೆ ಕಾಣುವುದೆ ಎಂದು ವಿಚಾರಿಸಬೇಕು. ಹಳೆಯದನ್ನು ತಿಪ್ಪೆಗೆ ಎಸೆಯಲಾಗದು. ಅದರ ಸೀಸಾದಿ ವಿಷ ಮಣ್ಣು ನೀರುಗಳಿಗೆ ಇಳಿದು ಅಗಣಿತ ಜೀವಗಳಿಗೆ ಬಾಧಕ. ಅಧಿಕೃತ ಇ-ತ್ಯಾಜ್ಯ ಸಂಗ್ರಹಕ್ಕೆ ಒಪ್ಪಿಸುವುದೂ ಅಹಿಂಸೆಯೇ.

ಇನ್ನು ತಾಯಿಯ ಪ್ರಶ್ನೆ. ಮೂರ್ಛೆಯೇ, ಅಂದರೆ ಮಮತ್ವವೇ, ಪರಿಗ್ರಹವೆಂದು ಉಮಾಸ್ವಾಮಿಗಳ ಅಭಿಪ್ರಾಯ. ಇದನ್ನೇ ಹಿಡಿದು “ನನಗೆ ಮಮತೆಯಿಲ್ಲ, ವಸ್ತು ಎಷ್ಟಿದ್ದರೇನು?” ಎನ್ನುವವರುಂಟು. ಆದರೆ ಮಮತೆಯಿಲ್ಲದವನಿಗೆ ಸಂಗ್ರಹಿಸುವ ಪ್ರಯಾಸವೇಕೆ? ಮನಸ್ಸಿನ ಮಿತಿಗೆ ಹೊರಗಿನ ಎಣಿಕೆಯೇ ಬೇಲಿ. ಹಿಡಿದ ನಿಯಮವನ್ನು ಅನುಕೂಲಕ್ಕಾಗಿ ನಡುವೆ ಸಡಿಲಿಸಲಾಗದು. ಚಾತುರ್ಮಾಸ ಮುಗಿಯುವವರೆಗೆ ಫೋನು ಮಗನದಾಗಿಯೇ ಇರಲಿ. ಅನಂತರ ನಿಜವಾದ ಅಗತ್ಯವಿದ್ದರೆ ಹಳೆಯದನ್ನು ಬಿಟ್ಟು ಹೊಸದನ್ನು ಸ್ವೀಕರಿಸಲಿ, ಎಣಿಕೆ ಹೆಚ್ಚದಿರಲಿ. ಮಗನಿಗೆ ಇದನ್ನು ಮೃದುವಾಗಿ ತಿಳಿಸಿದರೆ ಅವನಿಗೆ ದೊರೆಯುವುದು ನೋವಲ್ಲ, ಸಂಸ್ಕಾರ.

ಸ್ವೀಕರಿಸಿದ ಮೇಲೆ ವಸ್ತು ಒಂದಾದರೂ ಉಪಯೋಗ ಹಲವೆಂದೇ ಎಣಿಸಬೇಕು. ಇಂತಿಷ್ಟು ಹೊತ್ತು, ಇಂತಿಷ್ಟು ಕಾರ್ಯಕ್ಕೆ ಎಂದು ಕಟ್ಟುಪಾಡಿರಲಿ. ಕಾಮಕ್ರೋಧಗಳನ್ನು ಕೆರಳಿಸುವುದನ್ನು ಕೇಳುವುದು ದುಃಶ್ರುತಿ. ಪ್ರಯೋಜನವಿಲ್ಲದೆ ಫಲಕವನ್ನು ಸವರುತ್ತ ಕೂರುವುದು ಪ್ರಮಾದಚರ್ಯೆ. ಎರಡೂ ಅನರ್ಥದಂಡಗಳೇ. ಅಷ್ಟಮಿ ಚತುರ್ದಶಿಗಳ ಪ್ರೋಷಧೋಪವಾಸದಲ್ಲಿ ನಾಲಗೆ ಆಹಾರವನ್ನು ಬಿಟ್ಟು, ಕಣ್ಣು ಕಿವಿಗಳು ದಿನವಿಡೀ ಉಣ್ಣುತ್ತಿದ್ದರೆ ಆ ಉಪವಾಸ ಅರ್ಧವಾದಂತೆ. ಪ್ರವಚನ ಕೇಳಿ ಮುಗಿದೊಡನೆ ಯಂತ್ರವನ್ನು ಆರಿಸಿ ಬದಿಗಿಡುವ ಬೆರಳೇ ಸಂಯಮವನ್ನು ಬಲ್ಲ ಬೆರಳು.