ನಮ್ಮ ದೀಪ, ಅವರ ಕಣ್ಣು

ನಮ್ಮ ಮನೆಯವರಿಗೆ ರಾತ್ರಿ ಹೊತ್ತು ಕಾರು ಓಡಿಸುವುದೆಂದರೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಆದರೆ ಅದನ್ನು ಬಾಯಿಬಿಟ್ಟು ಒಪ್ಪಿಕೊಳ್ಳುವ ಗಂಡಸರು ಎಲ್ಲಿದ್ದಾರೆ ಹೇಳಿ? "ರಸ್ತೆ ಸರಿಯಿಲ್ಲ", "ಈ ಕಾರಿನ ದೀಪವೇ ಸಾಲದು" ಎನ್ನುತ್ತಿದ್ದರೇ ಹೊರತು, ತಮ್ಮ ಕಣ್ಣು ಮೊದಲಿನ ಹಾಗಿಲ್ಲ ಎಂದು ಒಮ್ಮೆಯೂ ಅಂದವರಲ್ಲ.

2018ರ ಬೇಸಿಗೆಯಲ್ಲಿ ಅರಸೀಕೆರೆಯಲ್ಲಿ ಒಂದು ಆರತಕ್ಷತೆ ಮುಗಿಸಿಕೊಂಡು ತಿಪಟೂರಿಗೆ ಹಿಂತಿರುಗುತ್ತಿದ್ದೆವು. ತೆಂಗಿನಕಾಯಿ ಹೇರಿದ ಎತ್ತಿನ ಗಾಡಿಯೊಂದು ಕತ್ತಲೆಯೊಳಗಿಂದ ಎದ್ದು ಬಂದ ಹಾಗೆ ಕಾರಿನ ಮುಂದೆಯೇ ಕಾಣಿಸಿತು. ಗಾಡಿಯ ಹಿಂದೆ ಒಂದು ಲಾಟೀನಿಲ್ಲ, ಕೆಂಪು ಪಟ್ಟಿಯಿಲ್ಲ. ಬ್ರೇಕು ಹಾಕಿದ ರಭಸಕ್ಕೆ ನನ್ನ ತೊಡೆಯ ಮೇಲಿದ್ದ ತಾಂಬೂಲದ ಚೀಲ ಉರುಳಿ, ಅದರಲ್ಲಿದ್ದ ಕಾಯಿ ನನ್ನ ಕಾಲಿನ ಮೇಲೇ ಬಿತ್ತು. ಗಾಡಿಯ ಮೇಲೆ ಮಲಗಿದ್ದ ಮುದುಕ ಎದ್ದೂ ನೋಡಲಿಲ್ಲ. ಎತ್ತುಗಳು ತಮ್ಮ ಪಾಡಿಗೆ ನಡೆದವು. ಇವರು ಮಾತ್ರ ಮನೆ ಸೇರುವವರೆಗೂ ಒಂದು ಮಾತಾಡಲಿಲ್ಲ.

ಈ ಸುದ್ದಿ ಫೋನಿನಲ್ಲಿ ಬೆಂಗಳೂರಿನ ಮಗನಿಗೆ ಮುಟ್ಟಿತು. ಮುಂದಿನ ಶನಿವಾರವೇ ಅವನು ಒಂದು ಪೆಟ್ಟಿಗೆ ಹಿಡಿದುಕೊಂಡು ಬಂದ. ಒಳಗೆ ಝೆನಾನ್ ಬಲ್ಬುಗಳ ಜೋಡಿ, ಜೊತೆಗೆ ಸಾಬೂನಿನ ಬಿಲ್ಲೆಯಷ್ಟು ದೊಡ್ಡ ಎರಡು ಲೋಹದ ಡಬ್ಬಿಗಳು. ಮೂರೂವರೆ ಸಾವಿರ ಕೊಟ್ಟಿದ್ದನಂತೆ. "ಅಪ್ಪಾ, ಇನ್ನು ಮೇಲೆ ಗಾಡಿ ಅಲ್ಲ, ರಸ್ತೆ ಮೇಲೆ ಇರುವೆ ಹೋದರೂ ಕಾಣುತ್ತೆ" ಎಂದ. ಮಧ್ಯಾಹ್ನದೊಳಗೆ ಊರಿನ ಎಲೆಕ್ಟ್ರಿಷಿಯನ್ ಹುಡುಗ ಅದನ್ನು ಕೂರಿಸಿಯೂ ಬಿಟ್ಟ. ಕತ್ತಲಾಗುತ್ತಲೇ ಎಲ್ಲರೂ ಕಾರು ಹತ್ತಿ ಊರಾಚೆಯ ಬಯಲಿಗೆ ಹೋದೆವು. ಸ್ವಿಚ್ಚು ಹಾಕಿದರೆ ಬೆಳ್ಳನೆಯ, ಅಂಚಿನಲ್ಲಿ ತುಸು ನೀಲಿ ಬೆರೆತ ಬೆಳಕು! ಬೇಲಿಯ ಕಳ್ಳಿಯ ಮುಳ್ಳು ಮುಳ್ಳೂ ಎಣಿಸುವ ಹಾಗೆ ಕಂಡಿತು. ನಾನು ಮಕ್ಕಳ ಹಾಗೆ ಚಪ್ಪಾಳೆ ತಟ್ಟಿದೆ. ಒಂದು ವಿಷಯ ಮಾತ್ರ ಆಮೇಲೆ ಎಷ್ಟೋ ಸಲ ನೆನಪಾಗಿದೆ. ಆ ಸಂಜೆ ನಾವೆಲ್ಲರೂ ಕಾರಿನ ಒಳಗೇ ಕುಳಿತಿದ್ದೆವು. ಒಬ್ಬರೂ ಇಳಿದು ಕಾರಿನ ಮುಂದೆ ಹೋಗಿ ನಿಲ್ಲಲಿಲ್ಲ.

ಅದೇ ವರ್ಷ ಕಾರ್ತಿಕ ಮಾಸದಲ್ಲಿ ತುರುವೇಕೆರೆಯ ನಮ್ಮ ಅತ್ತಿಗೆಯ ಮನೆಗೆ ಹೋಗಿ ರಾತ್ರಿ ಹಿಂತಿರುಗುತ್ತಿದ್ದೆವು. ಆ ರಸ್ತೆ ನಿಮಗೆ ಗೊತ್ತಿದ್ದರೆ, ಎರಡೂ ಪಕ್ಕ ತೆಂಗಿನ ತೋಟ, ರಸ್ತೆಯ ಅಂಚಿನಿಂದ ಮಣ್ಣಿಗೆ ಒಂದು ಗೇಣು ಇಳಿತ. ಎದುರಿನಿಂದ ಒಂದು ಮೊಪೆಡ್ ಬಂತು. ಮುಂದೆ ಒಬ್ಬ ಗಂಡಸು, ಹಿಂದೆ ಒಬ್ಬಳು ಹೆಂಗಸು. ಆ ಗಂಡಸು ಎಡಗೈ ಎತ್ತಿ ಕಣ್ಣಿಗೆ ಅಡ್ಡ ಹಿಡಿದ. ಹೆಂಗಸು ಸೆರಗಿನಿಂದ ಮುಖ ಮುಚ್ಚಿ ಆಚೆಗೆ ತಿರುಗಿದಳು. ಅಷ್ಟನ್ನು ನಾನು ಕಂಡೆ. ನಮ್ಮ ಬೆಳಕಿನಲ್ಲಿ ಅವಳ ಸೆರಗಿನ ಅಂಚಿನ ಹಳದಿ ಬಣ್ಣವೂ ಕಂಡಿತು. ಕಾರು ದಾಟಿತು. ಹಿಂದಿನಿಂದ ಏನೋ ಬಿದ್ದ ಸದ್ದಾಯಿತೋ ಇಲ್ಲವೋ, ಕಾರಿನೊಳಗೆ ಹಾಡು ನಡೆದಿತ್ತು. "ಏನೋ ಸದ್ದಾಯಿತಲ್ಲ?" ಎಂದೆ. "ಎಲ್ಲಿ? ಏನೂ ಇಲ್ಲ" ಎಂದರು ಇವರು. ನಾನೂ ಸುಮ್ಮನಾದೆ. ಹಿಂತಿರುಗಿ ನೋಡಿದ್ದರೂ ಕತ್ತಲೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ, ಆ ಮಾತು ನಿಜ. ಆದರೆ ನಾನು ನೋಡಲಿಲ್ಲ ಎನ್ನುವುದೂ ಅಷ್ಟೇ ನಿಜ.

ಸೋಮವಾರ ನಮ್ಮ ಶಾಲೆಯ ಬಿಸಿಯೂಟದ ಅಡಿಗೆಯವರಲ್ಲಿ ಒಬ್ಬಳು ಬಂದಿರಲಿಲ್ಲ. ಗುರುವಾರ ಬಂದಳು, ಬಲಗೈ ಮಣಿಕಟ್ಟಿಗೆ ಪ್ಲಾಸ್ಟರು. ಆ ರಸ್ತೆಯ ಪಕ್ಕದ ಒಂದು ಹಳ್ಳಿ ಅವಳದು. "ಶನಿವಾರ ರಾತ್ರಿ ಮೇಡಂ, ಎದುರಿಂದ ಕಾರು ಬಂತು. ಆ ಬೆಳಕಿಗೆ ನಮ್ಮಣ್ಣನಿಗೆ ಕಣ್ಣು ಕತ್ತಲೆ ಕಟ್ಟಿಬಿಡ್ತು. ರಸ್ತೆ ಎಲ್ಲಿ, ಹಳ್ಳ ಎಲ್ಲಿ ಅಂತ ಗೊತ್ತಾಗ್ಲಿಲ್ಲ, ಕೆಳಗೆ ಇಳಿಸಿಬಿಟ್ಟ" ಎಂದಳು.

"ಯಾವ ಕಾರು ಅಂತ ಗೊತ್ತಾಯಿತಾ?" ಎಂದು ಯಾರೋ ಕೇಳಿದರು.

"ಎಲ್ಲಿ ಗೊತ್ತಾಗುತ್ತೆ ಮೇಡಂ? ಬೆಳಕು ಕಂಡಿತು ಅಷ್ಟೇ."

ನಾವು ಹೋಗಿದ್ದೂ ಶನಿವಾರವೇ. ಎಷ್ಟು ಗಂಟೆಗೆ, ಯಾವ ತಿರುವಿನಲ್ಲಿ, ನೀನು ಉಟ್ಟಿದ್ದ ಸೀರೆ ಯಾವುದು ಎಂದು ಕೇಳಿದ್ದರೆ ಎರಡು ನಿಮಿಷದಲ್ಲಿ ತಿಳಿಯುತ್ತಿತ್ತು. ನಾನು ಕೇಳಲಿಲ್ಲ. ಅಂದು ಕೇಳಲಿಲ್ಲ, ಆಮೇಲೂ ಕೇಳಲಿಲ್ಲ. ಸಂಜೆ ಅವಳನ್ನು ಕರೆದು ಎರಡು ಸಾವಿರ ರೂಪಾಯಿ ಕೈಯಲ್ಲಿಟ್ಟೆ. ಅವಳು ಕಣ್ಣಲ್ಲಿ ನೀರು ತುಂಬಿಕೊಂಡು, "ನಿಮ್ಮಂಥವರು ಇರೋದಕ್ಕೇ ಮಳೆ ಬೆಳೆ ಆಗ್ತಿದೆ" ಎಂದಳು. ಆ ಮಾತು ಕೇಳುವಾಗ ನನಗಾದ ಸಂಕಟವನ್ನು ಇಂದಿಗೂ ಯಾರ ಮುಂದೆಯೂ ಹೇಳಿಕೊಂಡಿಲ್ಲ; ಇಲ್ಲೇ ಮೊದಲು ಬರೆಯುತ್ತಿದ್ದೇನೆ.

ನಮ್ಮ ಶಾಲೆಯ ವಿಜ್ಞಾನದ ಮೇಷ್ಟರನ್ನು ಒಂದು ದಿನ ಬಿಡುವಿನ ಪೀರಿಯಡ್ಡಿನಲ್ಲಿ ಹಿಡಿದು ಕೂರಿಸಿಕೊಂಡೆ. ನಾನು ಸಮಾಜ ವಿಜ್ಞಾನದವಳು, ಬಲ್ಬಿನ ಬಗ್ಗೆ ನನಗೆ ಗೊತ್ತಿದ್ದದ್ದು ಅದನ್ನು ಬದಲಾಯಿಸುವುದಷ್ಟೇ. ಅವರು ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ವಿವರಿಸಿದರು. ಸಾಮಾನ್ಯ ಕಾರಿನ ಹ್ಯಾಲೊಜೆನ್ ಬಲ್ಬಿನೊಳಗೆ ಎರಡು ತಂತಿ. ದೂರದ ಬೆಳಕಿಗೆ 60 ವ್ಯಾಟಿನದೊಂದು, ತಗ್ಗಿಸಿದ ಬೆಳಕಿಗೆ 55 ವ್ಯಾಟಿನದೊಂದು. ಈ ಎರಡನೆಯ ತಂತಿಯ ಕೆಳಗೆ ಒಂದು ಪುಟ್ಟ ಲೋಹದ ಬಟ್ಟಲಿರುತ್ತದಂತೆ. ಬೆಳಕು ಹಿಂದಿನ ಕನ್ನಡಿಯ ಕೆಳಭಾಗಕ್ಕೆ ಬೀಳದಂತೆ ಅದು ಮರೆ ಮಾಡುತ್ತದೆ. ಅದರಿಂದಲೇ ಎದುರಿನವನ ಕಣ್ಣಿಗೆ ಬೆಳಕು ಏರದೆ ರಸ್ತೆಗೆ ಇಳಿಯುವುದು. ನಮ್ಮ ದೇಶದಲ್ಲಿ ವಾಹನ ಎಡಕ್ಕೆ ಓಡುವುದರಿಂದ ಎಡಗಡೆ ಮಾತ್ರ ಬೆಳಕು ತುಸು ಮೇಲೇಳುತ್ತದೆ, ರಸ್ತೆಯಂಚಿನಲ್ಲಿ ನಡೆಯುವವರು ಕಾಣಲಿ ಎಂದು. ಬೆರಳ ತುದಿಯಷ್ಟು ತಗಡಿನಲ್ಲಿ ಎದುರಿನವನ ಕಣ್ಣಿನ ಕಾಳಜಿ! ಯಾರೋ ಎಲ್ಲೋ ಕುಳಿತು ನಮ್ಮ ಹಳ್ಳಿಯ ಮೊಪೆಡ್ಡಿನವನನ್ನೂ ನೆನೆದುಕೊಂಡೇ ಆ ಬಟ್ಟಲನ್ನು ಇಟ್ಟ ಹಾಗಿದೆ ಎನಿಸಿತು ನನಗೆ.

ಝೆನಾನಿನದು ಬೇರೆಯೇ ಕಥೆ. ಅದರಲ್ಲಿ ತಂತಿಯೇ ಇಲ್ಲ. ಸಣ್ಣ ಗಾಜಿನ ಗುಳಿಗೆಯೊಳಗೆ ಎರಡು ಕಡ್ಡಿಗಳ ನಡುವೆ ಮಿಂಚಿನ ಹಾಗೆ ವಿದ್ಯುತ್ತು ಹಾಯುತ್ತದೆ. ಹೊತ್ತಿಸುವುದಕ್ಕೆ ಇಪ್ಪತ್ತು ಸಾವಿರ ವೋಲ್ಟಿನಷ್ಟು ಬೇಕಂತೆ, ಆ ಸಾಬೂನಿನ ಡಬ್ಬಿ ಇರುವುದು ಅದಕ್ಕಾಗಿ. ಕರೆಂಟು ತಿನ್ನುವುದು 35 ವ್ಯಾಟ್, ಕೊಡುವ ಬೆಳಕು ಮಾಮೂಲಿನ ಸುಮಾರು ಮೂರರಷ್ಟು. 1991ರಲ್ಲಿ ಜರ್ಮನಿಯ ಬಿಎಂಡಬ್ಲ್ಯು ಕಾರಿನಲ್ಲಿ ಮೊದಲು ಬಂದಾಗ ಅದಕ್ಕೆ ತಕ್ಕ ದೀಪದ ಬುರುಡೆಯೊಂದಿಗೇ ಬಂದಿತ್ತು. ಯುರೋಪಿನ ನಿಯಮದಂತೆ ಅಷ್ಟು ಪ್ರಖರವಾದ ದೀಪಕ್ಕೆ, ಕಾರಿನ ಹಿಂಬದಿ ಭಾರವಾಗಿ ಮೂತಿ ಮೇಲೆದ್ದರೆ ತಾನೇ ತಗ್ಗುವ ವ್ಯವಸ್ಥೆಯೂ ಗಾಜನ್ನು ತೊಳೆಯುವ ಚಿಲುಮೆಯೂ ಇರಲೇಬೇಕು, ಕೊಳೆಯಾದ ಗಾಜು ಬೆಳಕನ್ನು ಎಲ್ಲೆಂದರಲ್ಲಿ ಚೆಲ್ಲುತ್ತದಲ್ಲ, ಅದಕ್ಕೆ. ನಾವು ಮಾಡಿದ್ದೇನು? ಹ್ಯಾಲೊಜೆನ್ನಿಗೆಂದು ಮಾಡಿದ ಬುರುಡೆಯಲ್ಲಿ ಝೆನಾನ್ ತೂರಿಸಿದೆವು. ತಂತಿ ಇರಬೇಕಾದ ಜಾಗಕ್ಕೂ ಈ ಮಿಂಚು ಇರುವ ಜಾಗಕ್ಕೂ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಕನ್ನಡಿಯ ಲೆಕ್ಕವೆಲ್ಲ ತಪ್ಪುತ್ತದೆ ಎಂದರು ಮೇಷ್ಟರು. "ನಿಮ್ಮ ಕಾರಿನ ಮುಂದೆ ಹತ್ತು ಮಾರು ಹಗಲಾಗಿರುತ್ತೆ ಮೇಡಂ. ಆ ಹಗಲಿಗೆ ನಿಮ್ಮವರ ಕಣ್ಣು ಒಗ್ಗಿದರೆ ದೂರದ್ದು ಇನ್ನೂ ಕಪ್ಪಾಗುತ್ತೆ. ಎದುರಿನವರಿಗಂತೂ ದೇವರೇ ಗತಿ."

ಈಗ ನೀವೇ ಹೇಳಿ, ಇಲ್ಲಿ ತಪ್ಪು ಯಾರದು? ಮಗ ಬಲ್ಬು ತಂದದ್ದು ಅಪ್ಪನ ಜೀವ ಉಳಿಯಲಿ ಎಂದು. ಅಪ್ಪ ಹಾಕಿಸಿಕೊಂಡದ್ದು ಇನ್ನೊಬ್ಬ ಗಾಡಿಯ ಮುದುಕನಿಗೆ ಗುದ್ದದಿರಲಿ ಎಂದು. ಯಾರ ಮನಸ್ಸಿನಲ್ಲೂ ಕೇಡಿರಲಿಲ್ಲ. ಕೇಡೆಣಿಸದೆ ಕೇಡಾದರೆ ಅದು ಪಾಪವಲ್ಲ ಎಂದೇ ನನ್ನ ಅಜ್ಜಿ ಹೇಳುತ್ತಿದ್ದಳು. ಆದರೆ ಅಜ್ಜಿಯ ಕಾಲದಲ್ಲಿ ಕೇಡು ಕಣ್ಣೆದುರಿಗೇ ನಡೆಯುತ್ತಿತ್ತು. ಕಾಲು ತುಳಿದರೆ "ಅಯ್ಯೋ" ಎನ್ನುವ ಮುಖ ಅಲ್ಲೇ ಇರುತ್ತಿತ್ತು. ಹೆಡ್‌ಲೈಟಿನ ಹಿಂದೆ ಕುಳಿತವರಿಗೆ ಆ ಮುಖ ಒಂದು ಕ್ಷಣ ಕಂಡು ಮರೆಯಾಗುತ್ತದೆ. ಇನ್ನು ಆ ಬೆಳಕು ಬಿದ್ದವರಿಗೆ ನಮ್ಮ ಮುಖವಾಗಲಿ, ಕಾರಿನ ನಂಬರಾಗಲಿ ಕಾಣುವುದೇ ಇಲ್ಲ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ನಮ್ಮ ಗಾದೆ. ಈ ದೀಪದ ಬುಡದಲ್ಲಿ ನಾವು ಅಡಗಿ ಕುಳಿತಿದ್ದೆವು.

ಈ ಮಾತು ಎತ್ತಿದಾಗ ನಮ್ಮ ಮನೆಯವರು ಸಿಡುಕಿದರು. "ಎದುರಿನಿಂದ ಬರೋ ಲಾರಿಯೋರು, ಬಸ್ಸಿನೋರು ಹಾಕ್ಕೊಂಡಿಲ್ವಾ? ಅವರ ಬೆಳಕಿನಲ್ಲಿ ನನಗೆ ಕಣ್ಣು ಕಾಣಲ್ಲ. ನಾನೊಬ್ಬ ಮಂಕು ದೀಪ ಹಾಕ್ಕೊಂಡು ಸಾಯಲಾ?" ಎಂದರು. ಈ ಮಾತಿಗೆ ನನ್ನಲ್ಲಿ ಚಟಕ್ಕನೆ ಉತ್ತರವಿರಲಿಲ್ಲ. ನಮ್ಮ ಸೀಮೆಯ ಬೋರ್‌ವೆಲ್ಲುಗಳ ನೆನಪಾಯಿತು. ನಾನು ಮದುವೆಯಾಗಿ ಬಂದಾಗ ನಮ್ಮ ಮಾವನವರ ತೋಟದಲ್ಲಿ ಮುನ್ನೂರು ಅಡಿಗೆ ನೀರು. ಪಕ್ಕದವರು ಐನೂರು ಕೊರೆಸಿದರು, ನಮ್ಮದು ಒಣಗಿತು. ನಾವು ಏಳುನೂರಕ್ಕೆ ಹೋದೆವು, ಆಚೆಯ ತೋಟದ ವಿಧವೆಯೊಬ್ಬಳ ಬೋರು ನಿಂತಿತು. ಅವಳ ಹತ್ತಿರ ಇನ್ನಷ್ಟು ಕೊರೆಸಲು ದುಡ್ಡಿರಲಿಲ್ಲ, ಅವಳ ಮರಗಳ ಸುಳಿ ಬಾಡಿ ಬಿದ್ದವು. ಆಗಲೂ ಯಾರೂ ಅವಳಿಗೆ ಕೇಡೆಣಿಸಿರಲಿಲ್ಲ, ಎಲ್ಲರೂ ತಮ್ಮ ಮರ ಉಳಿಸಿಕೊಂಡರು ಅಷ್ಟೇ. ಬೆಳಕಿನ ಪಂದ್ಯವೂ ಹಾಗೆಯೇ. ಕಾರಿನವನಿಗೆ ಕಾರಿನವನು ಉತ್ತರ ಕೊಡಬಲ್ಲ. ಸೈಕಲ್ಲಿನವನು, ಮೊಪೆಡ್ಡಿನವಳು, ಹುಲ್ಲಿನ ಹೊರೆ ಹೊತ್ತು ನಡೆದು ಬರುವವಳು ಯಾವ ಬಲ್ಬು ಹಾಕಿಕೊಳ್ಳಬೇಕು? ಇದನ್ನು ಅವರಿಗೆ ಹೇಳಿದೆ. ಟಿ.ವಿ. ಶಬ್ದ ಜೋರು ಮಾಡಿದರು.

ಮಾತಿನಿಂದಾಗದ್ದನ್ನು ಬೇರೆ ರೀತಿ ಮಾಡಬೇಕಾಯಿತು. ನಮ್ಮ ಬೀದಿಯಲ್ಲಿ ಕರೆಂಟು ಹೋಗಿದ್ದ ಒಂದು ರಾತ್ರಿ ನಾನೇ ಕಾರಿನೊಳಗೆ ಹೋಗಿ ಕುಳಿತೆ. ನನಗೆ ಓಡಿಸಲು ಬರುವುದಿಲ್ಲ, ದೀಪದ ಸ್ವಿಚ್ಚು ಮಾತ್ರ ಗೊತ್ತು. "ಗೇಟಿನ ಹತ್ತಿರ ಏನೋ ಹರಿದ ಹಾಗಾಯಿತು, ಸ್ವಲ್ಪ ನೋಡಿ" ಎಂದು ಕೂಗಿದೆ. ಸುಳ್ಳೇ. ಅವರು ಗೇಟಿನ ಕಡೆಯಿಂದ ಇತ್ತ ತಿರುಗಿದಾಗ ದೀಪ ಹಾಕಿದೆ, ತಗ್ಗಿಸಿದ ಬೆಳಕೇ. ಅವರು ಎಡಗೈ ಎತ್ತಿ ಕಣ್ಣಿಗೆ ಅಡ್ಡ ಹಿಡಿದರು. ಆ ಮೊಪೆಡ್ಡಿನವನು ಹಿಡಿದ ಹಾಗೆಯೇ. "ಆರಿಸೇ!" ಎಂದರು. ಆರಿಸಿದೆ. ಅವರು ಕತ್ತಲೆಯಲ್ಲಿ ಒಂದೆರಡು ಹೆಜ್ಜೆ ಇಟ್ಟು, ದಿನಾ ಹತ್ತಿ ಇಳಿಯುವ ಮೆಟ್ಟಿಲು ಸಿಗದೆ ತುಳಸಿಕಟ್ಟೆ ಹಿಡಿದು ನಿಂತರು. ಎಷ್ಟೋ ಹೊತ್ತು ಹಾಗೇ ನಿಂತಿದ್ದರು. ನನಗೆ ಗೆದ್ದೆ ಎನಿಸಲಿಲ್ಲ. ಗಂಡ ಹೀಗೆ ತಡಕಾಡುವುದನ್ನು ಕಂಡು ಹೆದರಿಕೆಯಾಯಿತು.

ಆ ಹೆದರಿಕೆಯೇ ಒಳ್ಳೆಯದಾಯಿತು ಎನ್ನಬೇಕು. ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದೆ. ಬಲಗಣ್ಣಿನಲ್ಲಿ ಪೊರೆ ಬಲಿತಿತ್ತು. ಪೊರೆ ಬಂದ ಕಣ್ಣಿನೊಳಗೆ ಬೆಳಕು ಚೆದುರುತ್ತದೆ, ಎದುರಿನ ದೀಪ ದೊಡ್ಡ ಹೂವಿನ ಹಾಗೆ ಅರಳಿ ಉಳಿದದ್ದನ್ನೆಲ್ಲ ಮುಚ್ಚುತ್ತದೆ, ವಯಸ್ಸಾದಂತೆ ಆ ಬೆಳಕಿನಿಂದ ಕಣ್ಣು ಚೇತರಿಸಿಕೊಳ್ಳುವುದೂ ತಡ ಎಂದರು ಡಾಕ್ಟರು. ನಾವು ಕಾರಿಗೆ ಚಿಕಿತ್ಸೆ ಮಾಡಿಸಿದ್ದೆವು, ಕಾಯಿಲೆ ಕಣ್ಣಿಗಿತ್ತು. ಆಪರೇಷನ್ ಆಯಿತು. ಕಾರಿಗೂ ಮತ್ತೆ ಮಾಮೂಲಿ ಹ್ಯಾಲೊಜೆನ್ ಬಂತು. ಮೆಕ್ಯಾನಿಕ್ಕು ಮಬ್ಬಾಗಿ ಹಳದಿ ತಿರುಗಿದ್ದ ದೀಪದ ಪ್ಲಾಸ್ಟಿಕ್ಕನ್ನು ಉಜ್ಜಿ ತಿಳಿಯಾಗಿಸಿ, ಗೋಡೆಯ ಮೇಲೆ ಗುರುತು ಹಾಕಿ ಬೆಳಕು ಎಲ್ಲಿಗೆ ಬೀಳಬೇಕೋ ಅಲ್ಲಿಗೆ ತಿರುಗಿಸಿದ. ಒಟ್ಟು ಖರ್ಚು ಬಲ್ಬಿಗೆ ಕೊಟ್ಟದ್ದರ ಕಾಲು ಭಾಗವೂ ಆಗಲಿಲ್ಲ.

ಇಷ್ಟಾದರೂ ಎಲ್ಲ ಸರಿಹೋಯಿತೆಂದು ನಾನು ಹೇಳಲಾರೆ. ರಾತ್ರಿ ಪ್ರಯಾಣವನ್ನು ನಾವು ಆದಷ್ಟು ಬಿಟ್ಟಿದ್ದೇವೆ; ಬಿಡುವ ಅನುಕೂಲ ನಮಗಿದೆ, ಎಲ್ಲರಿಗೂ ಇರುವುದಿಲ್ಲ. ಕಂಪನಿ ಕೊಟ್ಟ ಮೂಲ ವಿನ್ಯಾಸಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿತು. 2024ರ ಜುಲೈಯಿಂದ ನಮ್ಮ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ದೀಪದ ವಾಹನಗಳ ಮೇಲೆ ಕೇಸು ಹಾಕತೊಡಗಿದರು. ಝೆನಾನಿನ ಜಾಗಕ್ಕೆ ಎಲ್‌ಇಡಿ ಬಂದಿದೆ. ನನ್ನ ಬಾಲ್ಯದಲ್ಲಿ ಹೆಡ್‌ಲೈಟಿನ ಮೇಲುಭಾಗಕ್ಕೆ ಕಪ್ಪು ಬಣ್ಣ ಬಳಿದಿರುತ್ತಿದ್ದರು. ಕಾರಿಗೆ ಹುಬ್ಬು ಬರೆದಿದ್ದಾರೆ ಎಂದು ನಾವು ನಗುತ್ತಿದ್ದೆವು. ಈಗ ಆ ಹುಬ್ಬು ಎಲ್ಲೂ ಕಾಣುವುದಿಲ್ಲ. ತುರುವೇಕೆರೆ ರಸ್ತೆಯಲ್ಲಿ ಎತ್ತಿನ ಗಾಡಿಗಳು ಈಗಲೂ ದೀಪವಿಲ್ಲದೆ ಹೋಗುತ್ತವೆ.

ಆ ಅಡಿಗೆಯವಳ ಮೂಳೆ ಕೂಡಿತು, ಆದರೆ ಮಣಿಕಟ್ಟು ತುಸು ಸೊಟ್ಟ ಉಳಿದಿದೆ. ಸಾರಿನ ಪಾತ್ರೆ ಇಳಿಸುವಾಗ ಇನ್ನೊಬ್ಬಳನ್ನು ಕರೆಯುತ್ತಾಳೆ. ಹಬ್ಬಕ್ಕೆ ನಾನು ಅವಳಿಗೊಂದು ಸೀರೆ ಕೊಡುವುದು ರೂಢಿಯಾಗಿದೆ. ಅವಳು ನನ್ನನ್ನು ಬಹಳ ಒಳ್ಳೆಯವಳೆಂದು ತಿಳಿದಿದ್ದಾಳೆ.

ಬಲ್ಬಿನ ಪೆಟ್ಟಿಗೆ ಅಟ್ಟದ ಮೇಲೆ, ಹಿತ್ತಾಳೆ ಸಾಮಾನುಗಳ ಪಕ್ಕದಲ್ಲಿದೆ. ಹೋದ ಯುಗಾದಿಗೆ ಸುಣ್ಣ ಬಳಿಸುವಾಗ ಕೆಳಗಿಳಿಸಿದೆವು. "ಇನ್ನೂ ಚೆನ್ನಾಗಿದೆ, ಯಾರಾದರೂ ಸಾವಿರ ರೂಪಾಯಿ ಕೊಡುತ್ತಾರೆ" ಎಂದರು ಇವರು. ಬೇಡ ಎಂದೆ. "ಹಾಗಾದರೆ ತಿಪ್ಪೆಗೆ ಹಾಕಲಾ?" ಎಂದರು. ತಿಪ್ಪೆಯಿಂದ ಆಯ್ದುಕೊಂಡು ಯಾರಾದರೂ ಹಾಕಿಸಿಕೊಂಡರೆ? ನಾನು ಏನೂ ಹೇಳಲಿಲ್ಲ. ಸುಣ್ಣ ಒಣಗಿದ ಮೇಲೆ ಪೆಟ್ಟಿಗೆಯನ್ನು ಒರೆಸಿ ಮತ್ತೆ ಅಟ್ಟಕ್ಕೇ ಏರಿಸಿದರು.